ರೆಸಿಸ್ಟರ್ ಕೆಟ್ಟಿಲ್ಲ, ಕರೆಂಟ್ ಹರಿದಿಲ್ಲ ಅಷ್ಟೇ

9 ವೋಲ್ಟ್ ಬ್ಯಾಟರಿ, 470 ಓಮ್ ರೆಸಿಸ್ಟರ್ (ಕರೆಂಟ್‌ಗೆ ತಡೆ ಒಡ್ಡುವ ಬಿಡಿಭಾಗ), ಕೆಂಪು ಎಲ್‌ಇಡಿ, ಮೂರೂ ಒಂದರ ಹಿಂದೆ ಒಂದು. ಎಲ್‌ಇಡಿ ತೆಗೆದು ಆ ಜಾಗದಲ್ಲಿ ಮೀಟರ್ ಇಟ್ಟರೆ ಪೂರ್ತಿ 9 ವೋಲ್ಟ್ ಬರುತ್ತಿದೆ, ರೆಸಿಸ್ಟರ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ, ಅಲ್ವಾ?

ಕೆಟ್ಟಿಲ್ಲ. ಕರೆಂಟ್ ಹರಿದರೆ ಮಾತ್ರ ರೆಸಿಸ್ಟರ್‌ನಲ್ಲಿ ವೋಲ್ಟೇಜ್ ಇಳಿಯುತ್ತದೆ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಎಲ್‌ಇಡಿ ವಾಪಸ್ ಹಾಕಿ ಅಳೆಯಿರಿ. ಅದರ ಎರಡು ಕಾಲುಗಳ ನಡುವೆ ಸುಮಾರು 2 ವೋಲ್ಟ್, ರೆಸಿಸ್ಟರ್‌ನಲ್ಲಿ ಉಳಿದ 7 ಸಿಗುತ್ತದೆ. 7ನ್ನು 470ರಿಂದ ಭಾಗಿಸಿ: ಸುಮಾರು 0.015 ಆಂಪ್, ಅಂದರೆ 15 ಮಿಲಿಆಂಪ್. ಎರಡರಲ್ಲೂ ಹರಿಯುವುದು ಇದೇ ಕರೆಂಟ್. ಹಾಗಾಗಿ ರೆಸಿಸ್ಟರ್ ಎಲ್‌ಇಡಿಯ ಯಾವ ಕಡೆ ಇದ್ದರೂ ಸರಿ.

1000 ಓಮ್ ಹಾಕಿಯೂ ನೋಡಿ. ಬೆಳಕು ಮಂಕಾಗುತ್ತದೆ, ಎಲ್‌ಇಡಿಯ ವೋಲ್ಟೇಜ್ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇದನ್ನು ಕಣ್ಣಾರೆ ನೋಡುವ ಖುಷಿಯೇ ಬೇರೆ! ರೆಸಿಸ್ಟರ್ ಇಲ್ಲದೆ ನೇರವಾಗಿ ಬ್ಯಾಟರಿಗೆ ಕೊಟ್ಟು ನೋಡಬೇಡಿ, ಎಲ್‌ಇಡಿ ಸುಟ್ಟುಹೋಗುತ್ತದೆ.