ಹುಬ್ಬಳ್ಳಿಯ ತಂಗಿ ಸಹಿ ಹಾಕದೆ ಟೋಕನ್ ಕೊಡಬೇಡಿ

ವಿಜಯನಗರದಿಂದ ಬಂದ ಈ ಪತ್ರ ಓದಿದ ಮೇಲೆ ಬೇರೆ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟೆ.

ಬರೆದವರಿಗೆ 38 ವರ್ಷ. ಮದುವೆಯಾದಾಗಿನಿಂದ ಬಾಡಿಗೆ ಮನೆ. ಹೊಸ ಫ್ಲ್ಯಾಟ್ ಕೈಗೆಟುಕುವುದಿಲ್ಲ. ಈಗ ಬೆಂಗಳೂರಿನ ಕೆಂಗೇರಿ ಆಚೆ 20×30ರ ಹಳೇ ಮನೆಯೊಂದು 68 ಲಕ್ಷಕ್ಕೆ ಸಿಗುತ್ತಿದೆ. ಸುತ್ತಮುತ್ತಲಿನ ರೇಟಿಗಿಂತ ಕಡಿಮೆ. ತಾರಸಿ ಸೋರುತ್ತದೆ, ಅಡುಗೆಮನೆ ಗೋಡೆ ಸೊಂಟದೆತ್ತರದವರೆಗೆ ಒದ್ದೆ. ರಿಪೇರಿಗೆ 8 ಲಕ್ಷ ಎತ್ತಿಟ್ಟಿದ್ದಾರೆ. ಗಂಡ ಹಿಂಜರಿಯುತ್ತಿದ್ದಾರೆ. ಅಕ್ಕನ ಗಂಡ ಮಾತ್ರ ‘ಈ ವಾರವೇ 2 ಲಕ್ಷ ಟೋಕನ್ ಕೊಟ್ಟುಬಿಡಿ, ಇನ್ನಿಬ್ಬರು ಕಾಯ್ತಿದ್ದಾರೆ’ ಎನ್ನುತ್ತಿದ್ದಾರೆ. ‘ಗಂಡನ ಪುಕ್ಕಲುತನಕ್ಕೆ ಏನು ಮಾಡಲಿ?’ ಎಂಬುದು ಇವರ ಪ್ರಶ್ನೆ.

ಮೊದಲು ಗೋಡೆಯ ವಿಷಯ ಮುಗಿಸಿಬಿಡೋಣ. ಮಳೆ ಬಂದ ಮರುದಿನ ಹೋಗಿ ನೋಡದೆ ಹಳೇ ಮನೆ ಕೊಳ್ಳಬಾರದು ಅನ್ನುವುದು ನನ್ನ ಹಳೇ ಹಠ, ನಿಮಗೂ ಅದೇ ಹೇಳುತ್ತೇನೆ. ಒಳ್ಳೆಯ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ. ತಲೆ ಎತ್ತಿ ಚಾವಣಿ ನೋಡಿ. ಸಿಮೆಂಟ್ ಉದುರಿ, ಕಂಬಿ ತುಕ್ಕು ಹಿಡಿದು ಉಬ್ಬಿದ್ದರೆ 8 ಲಕ್ಷ ಸಾಲುವುದು ಕಷ್ಟ. ಬರೀ ತೇವ, ಹಳೇ ವೈರಿಂಗ್ ಆದರೆ ದುಡ್ಡು ಹಾಕಿ ಸರಿಮಾಡಿಸಬಹುದು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1%ರ ಬದಲು 2% ಆಗಿದೆ. ಮುದ್ರಾಂಕ ಶುಲ್ಕ, ಸೆಸ್ ಸೇರಿದರೆ 5 ಲಕ್ಷ ದಾಟುತ್ತದೆ. ಅದನ್ನು ನೀವು ಲೆಕ್ಕಕ್ಕೆ ಹಿಡಿದ ಹಾಗೆ ಕಾಣಲಿಲ್ಲ.

ನನ್ನನ್ನು ಕಾಡಿದ್ದು ಪತ್ರದ ಕೊನೆಯಲ್ಲಿ ನೀವು ಹಾಗೇ ಬರೆದು ಮುಂದೆ ಹೋದ ಒಂದು ಸಾಲು. ‘ಮನೆ ಮಾರುತ್ತಿರುವವರ ತಂದೆಯದು, ತೀರಿಕೊಂಡಿದ್ದಾರೆ, ಅಣ್ಣತಮ್ಮ ಇಬ್ಬರೂ ಸಹಿ ಹಾಕ್ತಾರೆ, ಹುಬ್ಬಳ್ಳಿಯಲ್ಲಿ ಒಬ್ಬಳು ತಂಗಿ ಇದ್ದಾಳೆ, ಮದುವೆಯಲ್ಲೇ ಅವಳಿಗೆ ಎಲ್ಲ ಕೊಟ್ಟಾಗಿದೆಯಂತೆ.’

ಆ ತಂಗಿಯನ್ನು ಯಾರಾದರೂ ಕೇಳಿದ್ದಾರಾ?

ತಂದೆ ಸ್ವಂತ ದುಡಿಮೆಯಿಂದ ಮಾಡಿದ ಮನೆ, ವಿಲ್ ಬರೆದಿಲ್ಲ ಎಂದಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತವಾದರೆ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ 2005ರ ತಿದ್ದುಪಡಿ ಇದೆ. ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮದುವೆಯಲ್ಲಿ ಹಾಕಿದ ಚಿನ್ನಕ್ಕೆ ಈ ಪಾಲು ಚುಕ್ತಾ ಆಗುವುದಿಲ್ಲ. ಹೆಣ್ಣುಮಕ್ಕಳ ಪಾಲಿನ ಬಗ್ಗೆ ಎಷ್ಟು ಸಲ ಬರೀತೀರಿ ಎಂದು ಬೈಯುವವರಿದ್ದಾರೆ. ಬೈಯಲಿ, ಇನ್ನೂ ಬರೆಯುತ್ತೇನೆ.

‘ಇ-ಖಾತಾ ಆಗಿದೆ, ಈಸಿಯೂ (ಋಣಭಾರ ಪತ್ರ) ಕ್ಲಿಯರ್ ಇದೆ’ ಎಂದಿದ್ದೀರಿ. ಖಾತಾ ಇರುವುದು ತೆರಿಗೆ ಕಟ್ಟುವುದಕ್ಕೆ. ಅದರಿಂದ ಯಾರೂ ಒಡೆಯರಾಗುವುದಿಲ್ಲ. ಈಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಯಾರೂ ಕೇಳದೆ ಬಿಟ್ಟ ತಂಗಿಯ ಹೆಸರು ಅದರಲ್ಲಿ ಹೇಗೆ ಬರುತ್ತದೆ? ನಾಳೆ ಆಕೆ ಕೋರ್ಟಿಗೆ ಹೋದರೆ ನಿಮ್ಮ ಹೊಸ ತಾರಸಿಯ ಕೆಳಗಿನ ಮನೆಯಲ್ಲಿ ಆಕೆಗೂ ಪಾಲಿರುತ್ತದೆ. ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ, ನೀವೇ ಬರೆದಿದ್ದೀರಿ.

ನನಗೆ ಸಿಟ್ಟು ಬಂದಿರುವುದು ನಿಮ್ಮ ಭಾವನ ಮೇಲೆ. ‘ಬ್ಯಾಂಕಿನ ವಕೀಲರು ಸುಮ್ನೆ ಕಿರಿಕಿರಿ ಮಾಡ್ತಾರೆ, ಮೊದಲು ಅಗ್ರಿಮೆಂಟ್ ಆಗಲಿ’ ಎಂದರಂತೆ. ಆ ವಕೀಲರು ಮೊದಲು ಕೇಳುವುದೇ ವಂಶವೃಕ್ಷ. ತಂಗಿಯ ಹೆಸರು ಅಲ್ಲಿ ಹೊರಬೀಳುತ್ತದೆ. ಹಿರಿಯರಾಗಿ ನಿಮಗೆ ಎಚ್ಚರಿಕೆ ಹೇಳಬೇಕಾದವರು ಅವಸರ ಮಾಡಿಸುತ್ತಿದ್ದಾರೆ. ಹಿಂಜರಿಯುತ್ತಿರುವ ನಿಮ್ಮ ಯಜಮಾನರೇ ಈ ಮನೆಯಲ್ಲಿ ತಲೆ ನೆಟ್ಟಗಿರುವವರು. ಅವರನ್ನು ಪುಕ್ಕಲು ಎನ್ನಬೇಡಿ.

2021ರಲ್ಲಿ ಮೆಟ್ರೋ ಕೆಂಗೇರಿಗೆ ಬಂತು, 2023ರಲ್ಲಿ ಚಲ್ಲಘಟ್ಟ ಮುಟ್ಟಿತು. ಆ ಕಡೆಯ ಸೈಟುಗಳ ಬೆಲೆ ಏರಿದಾಗ ಹುಬ್ಬಳ್ಳಿಯ ಹೆಣ್ಣುಮಗಳ ಪಾಲಿನ ಬೆಲೆಯೂ ಏರಿತು. ಅಣ್ಣಂದಿರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ನಿಮಗೆ ಅಗ್ಗಕ್ಕೆ ಸಿಗುತ್ತಿರುವುದು ಗೋಡೆ ಒದ್ದೆ ಎನ್ನುವ ಒಂದೇ ಕಾರಣಕ್ಕೆ ಅಂತ ನನಗನ್ನಿಸುವುದಿಲ್ಲ.

ಹಾಗಾಗಿ ಒಂದೇ ಮಾತು. ಆ ತಂಗಿ, ಹಾಗೇ ನೀವು ಪತ್ರದಲ್ಲಿ ಹೇಳದೇ ಬಿಟ್ಟ ಅವರ ತಾಯಿ ಇದ್ದರೆ ಅವರೂ, ಮಾರುವವರಾಗಿ ಕ್ರಯಪತ್ರಕ್ಕೆ ಸಹಿ ಹಾಕಲು ಒಪ್ಪುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆಕೆಯ ಪಾಲಿನ ಡಿಡಿ ಆಕೆಯ ಹೆಸರಿಗೇ ಇರಲಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಕೆಯ ಕೈಗೇ ಕೊಡಿ. ಇವತ್ತೇ ಬ್ರೋಕರ್ ಹತ್ತಿರ ಹುಬ್ಬಳ್ಳಿಯ ಫೋನ್ ನಂಬರ್ ಕೇಳಿ. ಕೊಡಲು ತಡವರಿಸಿದರೆ ಈ ಮನೆ ಬಿಡಿ, ಬೇರೆ ನೋಡಿ.