ವಸತಿ ಕೇಂದ್ರಕ್ಕೆ ಸೇರಿಸಿದರೆ ಮಗಳ ಮೇಲಿನ ಹಕ್ಕು ಹೋಗುತ್ತದಾ?

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ. ಬುದ್ಧಿ ಬೆಳವಣಿಗೆ ನಿಧಾನ, ಜೊತೆಗೆ ಮೂರ್ಛೆರೋಗ. ರಾತ್ರಿಯಿಡೀ ಒಬ್ಬರು ಎಚ್ಚರ ಇರಬೇಕು. ಸ್ವಲ್ಪ ಕಾಲ ವಸತಿ ಕೇಂದ್ರದಲ್ಲಿಟ್ಟು ಚಿಕಿತ್ಸೆ, ತರಬೇತಿ ಕೊಡಿಸಿ ಅಂತಾರೆ ಡಾಕ್ಟರು. ಸಹಿ ಹಾಕಿದರೆ ಮಗು ನಿಮ್ಮದಲ್ಲ ಎಂದು ನೆಂಟರು ಹೆದರಿಸುತ್ತಿದ್ದಾರೆ. ನಿಜವಾ?
– ಒಬ್ಬ ತಾಯಿ

ಉತ್ತರ: ಇಲ್ಲ ತಾಯಿ. ಮಗು ಎಲ್ಲಿ ಇರುತ್ತದೆ ಅನ್ನುವುದು ಬೇರೆ, ಅದರ ಬಗ್ಗೆ ತೀರ್ಮಾನ ಮಾಡುವವರು ಯಾರು ಅನ್ನುವುದು ಬೇರೆ. ಆರೈಕೆಗೆ ಅಂತ ನೀವಾಗಿ ಸೇರಿಸಿದ ಮಾತ್ರಕ್ಕೆ ಸುಪರ್ದಿ, ಅಂದರೆ ಮಗುವಿನ ಮೇಲೆ ಕಾನೂನು ಕೊಟ್ಟ ಹಕ್ಕು, ಕೈತಪ್ಪುವುದಿಲ್ಲ. ಸಾಮಾನ್ಯವಾಗಿ ಅದಕ್ಕೆ ನ್ಯಾಯಾಲಯದ ಆದೇಶ ಬೇಕು, ಇಲ್ಲವೇ ನೀವೇ ಬಿಟ್ಟುಕೊಟ್ಟು ಸಹಿ ಹಾಕಿರಬೇಕು.

ಈ ಎರಡನೆಯದೇ ಅಪಾಯ. ನೆಂಟರ ಭಯ ಸುಮ್ನೆ ಹುಟ್ಟಿದ್ದಲ್ಲ. ಮಾನಸಿಕ ಚಿಕಿತ್ಸೆ ಸಿಗಲಿ ಅಂತಲೇ 2001ರಲ್ಲಿ ಅಮೆರಿಕದ ಹೆತ್ತವರು 12,700ಕ್ಕೂ ಜಾಸ್ತಿ ಮಕ್ಕಳನ್ನು ಮಕ್ಕಳ ಕಲ್ಯಾಣ ಅಥವಾ ಬಾಲನ್ಯಾಯ ವ್ಯವಸ್ಥೆಗೆ ಒಪ್ಪಿಸಿದ್ದರು ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2003ರಲ್ಲಿ ಅಂದಾಜು ಕೊಟ್ಟಿತು, ಅವರಲ್ಲಿ ಕೆಲವರು ಸುಪರ್ದಿಯನ್ನೇ ಬಿಟ್ಟುಕೊಡಬೇಕಾಯಿತು. ಚಿಕಿತ್ಸೆ ಬೇಕಾ, ಮಗು ಬೇಕಾ ಎಂದು ಯಾರನ್ನೂ ಕೇಳಬಾರದು. ಇದು ಅನ್ಯಾಯವೇ.

ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಮಾಡಿದ ಒಡಂಬಡಿಕೆಯ 23ನೇ ವಿಧಿ ಇದನ್ನು ನೇರವಾಗಿ ಹೇಳುತ್ತದೆ: ಅಂಗವೈಕಲ್ಯ ಇದೆ ಎಂಬ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರ್ಪಡಿಸುವಂತಿಲ್ಲ. ಅಧಿಕಾರಿಗಳೇ ಚಿಕಿತ್ಸೆಗೆ ಸೇರಿಸಿದ ಮಗುವಿನ ಪರಿಸ್ಥಿತಿಯನ್ನು ಆಗಾಗ ಪರಿಶೀಲಿಸಬೇಕು ಅನ್ನುತ್ತದೆ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ. ಆಯಾ ದೇಶದ ಒಳಗಿನ ಕಾನೂನು ಮಾತ್ರ ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ಹಾಗಾಗಿ ಕಾಗದ ಓದಿ, ಪೂರ್ತಿ ಓದಿ. ಇದು ಸ್ವಇಚ್ಛೆಯ ಒಪ್ಪಂದ, ಸುಪರ್ದಿ ಹೆತ್ತವರದೇ ಅಂತ ಅದರಲ್ಲಿ ಬರೆದಿರಬೇಕು. ಎಷ್ಟು ತಿಂಗಳಿಗೆ, ನೀವು ಕೇಳಿದಾಗ ಎಷ್ಟು ದಿನದಲ್ಲಿ ಮನೆಗೆ ಕಳಿಸುತ್ತಾರೆ ಅನ್ನುವುದೂ ಇರಲಿ. ಮೂರ್ಛೆಯ ಮಾತ್ರೆ ಬದಲಿಸುವ ಮುಂಚೆ ನಿಮ್ಮನ್ನು ಕೇಳುತ್ತಾರಾ? ಆಪರೇಷನ್‌ಗೆ ಒಪ್ಪಿಗೆ ಯಾರದು? ತುರ್ತು ಹೊತ್ತಿಗೆ ಬೇರೆ ನಿಯಮ ಇರಬಹುದು, ಆದರೆ ಉಳಿದದ್ದೆಲ್ಲ ನಿಮ್ಮ ಕೈಯಲ್ಲೇ ಇರಬೇಕು ಅಲ್ವಾ. ಭೇಟಿ, ಫೋನು, ಶಾಲೆಯ ವಿಷಯವನ್ನೂ ಬರೆಸಿಕೊಳ್ಳಿ. ಸೇರಿಸಿದ ಮೇಲೆ ಹೋಗಿಬನ್ನಿ, ಸಭೆಗಳಿಗೆ ಕೂರಿ, ಪ್ರತಿ ಭೇಟಿಯ ದಿನವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ವಿವಾದ ಬಂದರೆ, ಹೆತ್ತವರು ಮಗುವನ್ನು ಕೈಬಿಟ್ಟಿದ್ದಾರೆ ಎಂಬ ಆರೋಪಕ್ಕೆ ಆ ಪುಸ್ತಕವೇ ಉತ್ತರ.

ಬರೆಸಿಕೊಡಲು ಅವರು ಒಪ್ಪದಿದ್ದರೆ, ಅಥವಾ ಈಗಲೇ ಸಹಿ ಹಾಕಿ ಎಂದು ಅವಸರ ಮಾಡಿದರೆ, ಹಾಕಬೇಡಿ. ಪ್ರತಿ ಕೇಳಿ ಪಡೆದು ಕೌಟುಂಬಿಕ ಕಾನೂನು ಗೊತ್ತಿರುವ ವಕೀಲರಿಗೆ ಮೊದಲು ತೋರಿಸಿ.