ನಡುಮನೆಯ ಟಿವಿ ಯಾರ ಮಾತು ಕೇಳಬೇಕು?

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದ ನಿವೃತ್ತ ಶಿಕ್ಷಕಿ. ದೀಪಾವಳಿಗೆ ಮಗ ಸ್ಮಾರ್ಟ್ ಟಿವಿ ಕೊಡಿಸಿದ. ಮೊದಲ ದಿನ ಅದು ಏನೇನೋ ಒಪ್ಪಿಗೆ ಕೇಳಿತು, ಅಂಗಡಿಯ ಹುಡುಗ ಎಲ್ಲದಕ್ಕೂ ಓಕೆ ಒತ್ತಿ ಹೋದ. ಆಮೇಲೊಂದು ಅಪ್‌ಡೇಟ್ ಬಂತು. ಈಗ ಟಿವಿ ಹಾಕಿದರೆ ಮೊದಲು ಕಾಣುವುದು ಜಾಹೀರಾತು. ಮಂಡಿನೋವಿನ ವ್ಯಾಯಾಮ ನೋಡಿದ ಮಾರನೇ ದಿನ ಮೊಬೈಲಿನಲ್ಲಿ ಮಂಡಿಗೆ ಹಚ್ಚುವ ಎಣ್ಣೆ! ಟಿವಿ ನಮ್ಮನ್ನು ಗಮನಿಸುತ್ತಿದೆಯೇ? ಮಗನನ್ನು ಕೇಳಿದರೆ, ‘ನಮ್ಮನೇಲಿ ಮುಚ್ಚಿಡೋಂಥದ್ದು ಏನಿದೆ ಬಿಡಮ್ಮ’ ಅನ್ನುತ್ತಾನೆ.

ಉತ್ತರ: ನಿಮ್ಮ ಅನುಮಾನದಲ್ಲಿ ಹುರುಳಿದೆ. ಮೊದಲು ಎಣ್ಣೆಯ ವಿಷಯ ಮುಗಿಸೋಣ. ಟಿವಿಯ ಯೂಟ್ಯೂಬಿಗೂ ನಿಮ್ಮ ಮೊಬೈಲಿಗೂ ಬಹುಶಃ ಒಂದೇ ಗೂಗಲ್ ಖಾತೆ ಹಾಕಿದ್ದಾರೆ. ಇಲ್ಲಿ ನೋಡಿದ್ದು ಅಲ್ಲಿ ಜಾಹೀರಾತಾಗಿ ಬರುವುದು ಹಾಗೆ. ಟಿವಿಯಲ್ಲಿ ಲಾಗಿನ್ ತೆಗೆಯಿರಿ, ಇಲ್ಲವೇ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಯೂಟ್ಯೂಬ್ ಹಿಸ್ಟರಿ ನಿಲ್ಲಿಸಿ. ಕಾಟ ಸಾಕಷ್ಟು ತಗ್ಗುತ್ತದೆ.

ಇದಕ್ಕಿಂತ ಒಳಗಿನ ಸಂಗತಿ ಇನ್ನೊಂದಿದೆ. ಅದರ ಹೆಸರು ಆಟೊಮ್ಯಾಟಿಕ್ ಕಂಟೆಂಟ್ ರೆಕಗ್ನಿಷನ್, ಚಿಕ್ಕದಾಗಿ ಎಸಿಆರ್. ಪರದೆಯ ಮೇಲೆ ಓಡುತ್ತಿರುವ ಚಿತ್ರದ ಚೂರನ್ನೋ ಧ್ವನಿಯ ತುಣುಕನ್ನೋ ಟಿವಿ ಆಗಾಗ ಹಿಡಿದು, ಬೆರಳಚ್ಚಿನಂಥ ಗುರುತು ಮಾಡಿ, ಸರ್ವರ್‌ಗೆ ಕಳಿಸುತ್ತದೆ. ಅಲ್ಲಿ ಕಾರ್ಯಕ್ರಮಗಳ ಗುರುತುಗಳ ಜೊತೆ ತಾಳೆ ನೋಡಿದರೆ ನೀವು ಯಾವ ಧಾರಾವಾಹಿಯ ಮುಂದೆ ಎಷ್ಟು ಹೊತ್ತು ಕೂತಿದ್ದಿರಿ ಎಂಬುದು ಗೊತ್ತಾಗುತ್ತದೆ. ಕೇಬಲ್ ಬಾಕ್ಸಿನಿಂದ ನೋಡಿದರೂ ಅಷ್ಟೆ. ಅಮೆರಿಕದಲ್ಲಿ ವಿಜಿಯೊ ಕಂಪನಿ 1.1 ಕೋಟಿ ಟಿವಿಗಳಿಂದ, ಸೆಕೆಂಡು ಸೆಕೆಂಡಿನ ಲೆಕ್ಕದಲ್ಲಿ, ಮನೆಯವರ ಒಪ್ಪಿಗೆಯಿಲ್ಲದೆ ಹೀಗೆ ಮಾಹಿತಿ ಎತ್ತಿದೆ ಎಂದು, ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿತು. 2017ರಲ್ಲಿ ಕಂಪನಿ 22 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು.

ಇದನ್ನು ನಿಲ್ಲಿಸುವ ಗುಂಡಿ ಹೆಚ್ಚಿನ ಟಿವಿಗಳಲ್ಲಿದೆ, ಆದರೆ ಹೆಸರು ನೋಡಿದರೆ ಹೊಳೆಯುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ ‘ವ್ಯೂಯಿಂಗ್ ಇನ್ಫರ್ಮೇಷನ್ ಸರ್ವಿಸಸ್’, ಎಲ್‌ಜಿಯಲ್ಲಿ ‘ಲೈವ್ ಪ್ಲಸ್’. ಕಳೆದ ತಿಂಗಳು ಸರಸ್ವತಿಪುರಂನ ಅಕ್ಕನ ಮನೆಯಲ್ಲಿ ಇದೇ ಕೆಲಸಕ್ಕೆ ಕೂತಿದ್ದೆ. ಹೊಸ ಟಿವಿಯಲ್ಲಿ ‘ಎಲ್ಲವನ್ನೂ ಒಪ್ಪುತ್ತೇನೆ’ ಎಂಬ ನೀಲಿ ಗುಂಡಿ ದಪ್ಪಗೆ ಎದುರಿಗೇ ಇತ್ತು, ಒಂದು ಸಲ ಒತ್ತಿದರೆ ಮುಗಿಯಿತು. ಅದೇ ಒಪ್ಪಿಗೆ ವಾಪಸ್ ಪಡೆಯಲು ಸೆಟ್ಟಿಂಗ್ಸ್‌ನೊಳಗೆ ಸೆಟ್ಟಿಂಗ್ಸ್ ಹೊಕ್ಕು, ಎಣಿಸಿಕೊಂಡು 14 ಸಲ ರಿಮೋಟ್ ಒತ್ತಿದೆ. ಓದಬೇಕಾದ್ದೆಲ್ಲ ಇಂಗ್ಲಿಷಿನಲ್ಲಿ, ತೆಳು ಬೂದು ಅಕ್ಷರದಲ್ಲಿ. ಅಕ್ಕ ಕನ್ನಡಕ ಹುಡುಕಿಕೊಂಡು ಬರುವಷ್ಟರಲ್ಲಿ ಸ್ಕ್ರೀನ್‌ಸೇವರ್ ಬಂದುಬಿಟ್ಟಿತ್ತು. ಹೂಂ ಅನ್ನಲು ಒಂದು, ಊಹೂಂ ಅನ್ನಲು 14. ಇದನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಕಾನೂನೂ ಈಗ ಅದನ್ನೇ ಹೇಳುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಿರಬೇಕು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಒಪ್ಪಿಗೆಯ ಕೋರಿಕೆಯನ್ನು ಓದುವ ಆಯ್ಕೆ ಕೊಡಬೇಕು, ಎಂದರೆ ಕನ್ನಡದಲ್ಲೂ. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಗಡುವಿದೆ. ಅಲ್ಲಿಯವರೆಗೆ ರಿಮೋಟೇ ಗತಿ. ನೀವು ಕೇಬಲ್ ಮಾತ್ರ ನೋಡುವವರಾದರೆ ಇನ್ನೂ ಸುಲಭದ ದಾರಿಯಿದೆ: ಟಿವಿಗೆ ಕೊಟ್ಟ ವೈಫೈ ಪಾಸ್‌ವರ್ಡ್ ಅಳಿಸಿಬಿಡಿ. ಇಂಟರ್ನೆಟ್ ಇಲ್ಲದಿದ್ದರೆ ಟಿವಿ ಯಾರಿಗೂ ಏನೂ ಕಳಿಸಲಾರದು, ಹೊಸ ಜಾಹೀರಾತೂ ಇಳಿಯದು.

ಆ ಅಪ್‌ಡೇಟಿನ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಪೂರ್ತಿ ದುಡ್ಡು ಕೊಟ್ಟು ತಂದ ವಸ್ತು ಮನೆಗೆ ಬಂದ ಮೇಲೂ ಮಾರಿದವರ ಮಾತನ್ನೇ ಕೇಳುತ್ತಿದೆ. ನಮ್ಮ ಹಳೆಯ ಕಪ್ಪು ಬಿಳುಪು ಟಿವಿ ಕೆಡುತ್ತಿತ್ತು, ಮೇಲೆ ತಟ್ಟಿದರೆ ಸರಿಹೋಗುತ್ತಿತ್ತು. ರಾತ್ರಿ ಬೆಳಗಾಗುವುದರೊಳಗೆ ಬೇರೆ ಟಿವಿ ಆಗುತ್ತಿರಲಿಲ್ಲ.

ನಿಮ್ಮ ಮಗನಿಗೆ ಒಂದು ಮಾತು. ನಮ್ಮ ಕಡೆಯ ಹಳೇ ಮನೆಗಳಿಗೆ ಜಗಲಿ ಇರುತ್ತಿತ್ತು. ದಾರಿಹೋಕರೂ ಅಲ್ಲಿ ಕೂರಬಹುದಿತ್ತು. ನಡುಮನೆಗೆ ನೆಂಟರು, ಬೇಕಾದವರು. ಅಡುಗೆಮನೆ, ದೇವರಮನೆಗೆ ಮನೆಯವರು. ಹೂವಿನವಳು ಜಗಲಿಯಲ್ಲೇ ಮೊಳ ಅಳೆದು ಕೊಟ್ಟು ಹೋದರೆ ಒಳಗೆ ಕಳ್ಳಮಾಲು ಇದೆಯೆಂದು ಯಾರೂ ಅರ್ಥ ಮಾಡುತ್ತಿರಲಿಲ್ಲ. ಯಾರು ಎಲ್ಲಿಯವರೆಗೆ ಬರಬಹುದು ಎಂದು ತೀರ್ಮಾನಿಸುವುದು ಮನೆಯವರಿಗೆ ಬಿಟ್ಟದ್ದು. ಖಾಸಗಿತನ ಅಂದರೆ ಇದೇ. ಅದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು.

ಪ್ರಶ್ನೆ: ಮಂಡ್ಯದಲ್ಲಿ ಜೆರಾಕ್ಸ್, ಟೈಪಿಂಗ್ ಅಂಗಡಿ ಇಟ್ಟಿದ್ದೇನೆ. ಕಂಪ್ಯೂಟರ್ ಚೆನ್ನಾಗೇ ಓಡುತ್ತಿದೆ, ಆದರೆ ವಿಂಡೋಸ್ 11 ಹಾಕಲು ಆಗುವುದಿಲ್ಲ ಅನ್ನುತ್ತದೆ. ಹೊಸದು ತೆಗೆದುಕೊಳ್ಳಲೇಬೇಕೇ?

ಉತ್ತರ: ಬೇಡ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಪಟ್ಟಿಯಲ್ಲಿರುವ ಪ್ರೊಸೆಸರೂ ಬೇಕು. ಅದಕ್ಕೇ ನಿಮ್ಮದು ಹೊರಗುಳಿದಿದೆ. ಭದ್ರತಾ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್‌ವರೆಗೆ ಪಡೆಯುವ ವ್ಯವಸ್ಥೆಯಿದೆ, ಆದರೆ ಅದಕ್ಕೆ ಮೈಕ್ರೋಸಾಫ್ಟ್ ಖಾತೆ ಬೇಕು.

ನನ್ನ ಸಲಹೆ, ವಿಂಡೋಸ್ ಬದಲು ಕಂಪ್ಯೂಟರನ್ನು ಓಡಿಸುವ ಲಿನಕ್ಸ್ ಮಿಂಟ್ ಎಂಬ ತಂತ್ರಾಂಶ. ಕಾಸು ಕೊಡಬೇಕಿಲ್ಲ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಪ್ರಿಂಟರ್ ಕೆಲಸ ಮಾಡುತ್ತದೋ ನೋಡಿ, ಆಮೇಲೆ ಹಾಕಿಕೊಳ್ಳಿ. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದಲ್ಲಿ ಪಳಗಿದ ಕೈ ನಿಮ್ಮದಾದರೆ ಹೊಸದಾಗಿ ಕಲಿಯಬೇಕಿಲ್ಲ, ಕೆ.ಪಿ. ರಾವ್ ವಿನ್ಯಾಸದ ಅದೇ ಕೀಲಿಮಣೆ ಲಿನಕ್ಸ್‌ನಲ್ಲಿ ‘ಕೆಜಿಪಿ’ ಹೆಸರಿನಲ್ಲಿ ಸಿಗುತ್ತದೆ. ಎಚ್ಚರ ಬೇಕಾದ್ದು ಹಳೆಯ ಕಡತಗಳ ಬಗ್ಗೆ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಅರ್ಜಿ, ಕರಾರುಪತ್ರಗಳನ್ನು ವಿಂಡೋಸ್ ಇರುವಾಗಲೇ, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ಅರ್ಥವಾಗದ ಅಕ್ಷರಗಳು ಕಾಣುತ್ತವೆ. ಅಂಗಡಿಯಲ್ಲಿ ಬೆರಳಗುರುತು ಓದುವ ಯಂತ್ರ ಇಟ್ಟು ಇ-ಕೆವೈಸಿ ಮಾಡುತ್ತಿದ್ದರೆ ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಲಿನಕ್ಸ್‌ಗೆ ಇದೆಯೇ ಎಂದು ಮೊದಲೇ ವಿಚಾರಿಸಿ. ಇಲ್ಲವೆಂದಾದರೆ ಆ ಒಂದು ಕೆಲಸಕ್ಕೆ ಮಾತ್ರ ವಿಂಡೋಸನ್ನು ಪಕ್ಕದಲ್ಲೇ ಉಳಿಸಿಕೊಳ್ಳಿ. ಎರಡನ್ನೂ ಒಂದೇ ಡಿಸ್ಕಿನಲ್ಲಿ ಇಡಬಹುದು.